ಹೊಗೆಯಲ್ಲಿ ನಮ್ಮ ಪಾಲು

ಜೈನ ಧರ್ಮವು ಕರ್ಮದ ಹೊಣೆಯನ್ನು ಮೂರು ಬಗೆಯಾಗಿ ಎಣಿಸುತ್ತದೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದನ್ನು ಒಪ್ಪಿದ್ದು. ಈ ಮೂರರಿಂದಲೂ ಕರ್ಮಬಂಧವುಂಟು. 'ನಾನು ಮಾಡಲಿಲ್ಲ' ಎಂದಷ್ಟೇ ಹೇಳಿ ಶ್ರಾವಕನು ಪಾರಾಗಲಾರನು. ಪರಿಸರ ಮಾಲಿನ್ಯದ ಪ್ರಶ್ನೆಯನ್ನೂ ಈ ಬೆಳಕಿನಲ್ಲಿಯೇ ನೋಡಬೇಕು.

ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ವಿದೇಶದ ಕಲ್ಲಿದ್ದಲು ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ ತಲಪುತ್ತದೆ. ಹಾರುಬೂದಿ, ಉಪ್ಪುನೀರುಗಳ ಕುರಿತು ಸುತ್ತಲಿನ ಕೃಷಿಕರು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಉತ್ಪಾದಕರ ಹೊಣೆಯನ್ನು ಕಾನೂನು ವಿಚಾರಿಸಲಿ. ಆದರೆ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ದೊರೆಯಬೇಕಾದರೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ವಿದ್ಯುತ್ತನ್ನು ಬೇಡುವವರು ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿರುವ ನಾವೇ. ಎಲ್ಲೂರಿನ ಮಗು ಉಸಿರಾಡುವ ಗಾಳಿಯಲ್ಲಿ ನಮ್ಮ ಮನೆಯ ದೀಪದ ಪಾಲೂ ಇದೆ. 'ಕಾರಿತ'ವೆಂದರೆ ಇದು.

ಗೃಹಸ್ಥನಿಗೆ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದೆಂಬುದನ್ನು ಆಚಾರ್ಯರು ಬಲ್ಲರು. ಅಡುಗೆ, ಮನೆವಾರ್ತೆಗಳಲ್ಲಿ ಆಗುವ ಆರಂಭೀ ಹಿಂಸೆ ಅನಿವಾರ್ಯ. ಅನಗತ್ಯವಾದುದನ್ನು ಬಿಡುವುದೇ ಅನರ್ಥದಂಡ ವಿರತಿ ಎಂಬ ವ್ರತ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿಯನ್ನು ಕದಡುವುದು, ಗಿಡ ಕಡಿಯುವುದು ಇವುಗಳನ್ನು ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಕಲ್ಲಿದ್ದಲಿನ ಗಣಿಯಿಂದ ಕುಲುಮೆಯವರೆಗೆ ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಈ ಐದು ಕಾಯಗಳ ಜೀವಗಳಿಗೂ ಪೆಟ್ಟು ಬೀಳುತ್ತದೆ. 1432ರಿಂದ ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿ ಸ್ವಾಮಿಯು ಗೆದ್ದ ರಾಜ್ಯವನ್ನೇ ತೊರೆದವನು. ಅಂತಹ ತ್ಯಾಗ ನಮ್ಮಿಂದಾಗದಿರಬಹುದು. ಯಾರೂ ಇಲ್ಲದ ಕೋಣೆಯ ಫ್ಯಾನನ್ನು ನಿಲ್ಲಿಸುವುದಾದರೂ ಆಗಬೇಡವೇ?

ಮಿತಬಳಕೆಯ ಬಳಿಕದ ಹೆಜ್ಜೆ ಸೌರಶಕ್ತಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಯ ಛಾವಣಿಯ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉತ್ಪಾದನೆ ಕುಗ್ಗುತ್ತದೆ, ನಿಜ. ಬಿಸಿಲಿನ ತಿಂಗಳುಗಳಲ್ಲಿ ಮನೆಯ ಬಳಕೆಗೆ ಮಿಕ್ಕಿದ್ದನ್ನು ವಿದ್ಯುತ್ ಜಾಲಕ್ಕೆ ನೀಡಬಹುದು. ಸೌರಫಲಕದ ತಯಾರಿಕೆಗೂ ಗಣಿ ಬೇಕು. ಆದ್ದರಿಂದ ಇದು ಪೂರ್ಣ ಅಹಿಂಸೆಯಲ್ಲ. ಆದರೆ ದಿನದಿನವೂ ಸುಡುವ ಹಿಂಸೆ ಇದರಲ್ಲಿಲ್ಲ.

ಇದು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸವಲ್ಲ. ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಸಭಾಭವನಗಳ ಛಾವಣಿಯನ್ನು ಇದಕ್ಕೆ ಮೀಸಲಿಡಬಹುದು. ವಿವಾಹ, ಉತ್ಸವಗಳ ದೀಪಾಲಂಕಾರಕ್ಕೆ ಸಮಾಜವೇ ಒಂದು ಮಿತಿಯನ್ನು ನಿಶ್ಚಯಿಸಬಹುದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವುಳ್ಳ ನಮಗೆ ಸೂರ್ಯನೊಡನೆ ಹೊಂದಿ ಬಾಳುವುದು ಹೊಸತೇನಲ್ಲ.

ಕೃತ, ಕಾರಿತ, ಅನುಮೋದನೆಗಳ ಮಾತು ಪಾಪಕ್ಕೆ ಮಾತ್ರವಲ್ಲ, ಪುಣ್ಯಕ್ಕೂ ಸಲ್ಲುತ್ತದೆ. ಫಲಕ ಹಾಕಿಸಿದವನಿಗೂ, ನೆರೆಯವನಿಂದ ಹಾಕಿಸಿದವನಿಗೂ, ಸಭೆಯಲ್ಲಿ ಕೈಯೆತ್ತಿ ಸಮ್ಮತಿಸಿದವನಿಗೂ ಅದರ ಪಾಲುಂಟು. ಹೊಗೆಯಲ್ಲಿ ಪಾಲುಗಾರರಾದ ನಾವು ಅದನ್ನು ತಗ್ಗಿಸುವ ಕಾರ್ಯದಲ್ಲಿಯೂ ಪಾಲುಗಾರರಾಗೋಣ.