ದಂಡ, ಉಂಗುರ ಮತ್ತು ಸಿಂಹಾಸನ: ನಾರ್ಮನ್ ಇಂಗ್ಲೆಂಡಿನಲ್ಲಿ ಚರ್ಚು ಹಾಗೂ ಅರಸೊತ್ತಿಗೆ

ರಾಜ್ಯವೊಂದನ್ನು ಖಡ್ಗದಿಂದ ಗೆಲ್ಲಬಹುದು; ಆದರೆ ಗೆದ್ದವನನ್ನು ಪ್ರಜೆಗಳು ‘ಅರಸ’ನೆಂದು ಒಪ್ಪಬೇಕಾದರೆ ಖಡ್ಗಕ್ಕೆ ಹೊರತಾದ ಮನ್ನಣೆಯೊಂದು ಅಗತ್ಯವಾಗುತ್ತದೆ. 1066ರ ಅಕ್ಟೋಬರ್‌ನಲ್ಲಿ ಹೇಸ್ಟಿಂಗ್ಸ್ ಕದನವನ್ನು ಗೆದ್ದ ನಾರ್ಮಂಡಿಯ ಡ್ಯೂಕ್ ವಿಲಿಯಂನಿಗೆ ಇಂತಹ ಮನ್ನಣೆಯನ್ನು ಒದಗಿಸಿದ್ದು ಚರ್ಚು. ಅದೇ ವರ್ಷದ ಕ್ರಿಸ್‌ಮಸ್ ದಿನದಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಯಾರ್ಕ್‌ನ ಆರ್ಚ್‌ಬಿಷಪ್ ಎಲ್ಡ್ರೆಡ್ ಆತನಿಗೆ ತೈಲಾಭಿಷೇಕ ಮಾಡಿ ಕಿರೀಟವನ್ನು ತೊಡಿಸಿದನು. ನೆರೆದವರ ಸಮ್ಮತಿಯನ್ನು ಇಂಗ್ಲಿಷ್ ಹಾಗೂ ಫ್ರೆಂಚ್ ಭಾಷೆಗಳೆರಡರಲ್ಲಿಯೂ ಕೇಳಲಾಯಿತು. ಒಳಗಿನ ಜಯಘೋಷವನ್ನು ದಂಗೆಯೆಂದು ಭ್ರಮಿಸಿದ ಕಾವಲಿನ ಸೈನಿಕರು ಸುತ್ತಲಿನ ಮನೆಗಳಿಗೆ ಬೆಂಕಿಯಿಟ್ಟರೆಂದು ಅಂದಿನ ಚರಿತ್ರಕಾರರು ದಾಖಲಿಸಿದ್ದಾರೆ. ಅಭಿಷೇಕ ನೆರವೇರಿತ್ತು, ಪರಸ್ಪರ ನಂಬಿಕೆ ಇನ್ನೂ ಹುಟ್ಟಿರಲಿಲ್ಲ.

ಈ ಕೊರತೆಯನ್ನು ತುಂಬಲು ವಿಲಿಯಂ ಚರ್ಚಿನ ವ್ಯವಸ್ಥೆಯನ್ನೇ ಪುನಾರಚಿಸಿದನು. 1070ರಲ್ಲಿ ಪೋಪನ ಪ್ರತಿನಿಧಿಗಳ ಮೂಲಕ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಟಿಗ್ಯಾಂಡ್‌ನನ್ನು ಪದಚ್ಯುತಗೊಳಿಸಲಾಯಿತು. ಆ ಪೀಠಕ್ಕೆ ಬಂದವನು ಇಟಲಿ ಮೂಲದ ವಿದ್ವಾಂಸ ಲಾನ್‌ಫ್ರಾಂಕ್. 1086ರ ‘ಡೂಮ್ಸ್‌ಡೇ’ ಸಮೀಕ್ಷೆಯ ಪ್ರಕಾರ ಇಂಗ್ಲೆಂಡಿನ ಭೂಸಂಪತ್ತಿನ ಸುಮಾರು ಕಾಲು ಭಾಗ ಚರ್ಚಿನ ಅಧೀನದಲ್ಲಿತ್ತು. ಆದುದರಿಂದ ಬಿಷಪ್ಪನ ನೇಮಕವು ಕೇವಲ ಧಾರ್ಮಿಕ ವಿಷಯವಾಗಿರಲಿಲ್ಲ. ಬಿಷಪ್ಪರೂ ಪ್ರಮುಖ ಮಠಾಧಿಪತಿಗಳೂ ಅರಸನಿಗೆ ಸಶಸ್ತ್ರ ಯೋಧರನ್ನು ಒದಗಿಸಬೇಕಾಗಿತ್ತು. ಆಡಳಿತದ ಬರಹವೆಲ್ಲ ಲ್ಯಾಟಿನ್ ಬಲ್ಲ ಪಾದ್ರಿಗಳ ಕೈಯಲ್ಲಿತ್ತು. ಆದರೂ ಪೋಪ್ ಏಳನೆಯ ಗ್ರೆಗರಿಯು ನಿಷ್ಠೆಯ ಪ್ರಮಾಣವನ್ನು ಕೇಳಿದಾಗ ವಿಲಿಯಂ ಕಾಣಿಕೆ ಹಣವನ್ನು ಸಲ್ಲಿಸಲು ಒಪ್ಪಿದನೇ ವಿನಾ ಪ್ರಮಾಣಕ್ಕೆ ಒಪ್ಪಲಿಲ್ಲ.

ಸೋತ ಜನಸಮುದಾಯವು ಈ ಬದಲಾವಣೆಯನ್ನು ಹೇಗೆ ಅರ್ಥೈಸಿಕೊಂಡಿತು? ಇದಕ್ಕೆ ಉತ್ತರವನ್ನು ರಾಜಶಾಸನಗಳಿಗಿಂತ ಐತಿಹ್ಯಗಳಲ್ಲಿ ಹುಡುಕುವುದು ಸೂಕ್ತ. ವೂಸ್ಟರ್‌ನ ಬಿಷಪ್ ವುಲ್ಫ್‌ಸ್ಟನ್ ಹಳೆಯ ಅರಸ ಎಡ್ವರ್ಡನ ಕಾಲದಲ್ಲಿ, 1062ರಲ್ಲಿ, ನೇಮಕಗೊಂಡವನು. ನಾರ್ಮನ್ನರ ಕಾಲದಲ್ಲಿಯೂ 1095ರಲ್ಲಿ ಮರಣ ಹೊಂದುವವರೆಗೆ ಪದವಿಯಲ್ಲಿ ಮುಂದುವರಿದವನು. ಐತಿಹ್ಯದ ಪ್ರಕಾರ, ಲಾನ್‌ಫ್ರಾಂಕ್ ಆತನನ್ನು ಅವಿದ್ಯಾವಂತನೆಂದು ಜರೆದು ಬಿಷಪ್ ಪದವಿಯ ದಂಡವನ್ನು ಒಪ್ಪಿಸುವಂತೆ ಆಜ್ಞಾಪಿಸಿದನು. ದಂಡವನ್ನು ಕೊಟ್ಟವನಿಗೇ ಮರಳಿಸುವೆನೆಂದು ವುಲ್ಫ್‌ಸ್ಟನ್ ಅದನ್ನು ಎಡ್ವರ್ಡನ ಸಮಾಧಿಯ ಕಲ್ಲಿನಲ್ಲಿ ನೆಟ್ಟನು. ಬೇರಾರಿಂದಲೂ ಕೀಳಲಾಗದ ಆ ದಂಡವು ಆತನ ಕೈಗೆ ಮಾತ್ರ ಸುಲಭವಾಗಿ ಬಂದಿತು. ಸುಮಾರು 1138ರಲ್ಲಿ ಆಸ್‌ಬರ್ಟ್ ಎಂಬ ಸಂನ್ಯಾಸಿ ಬರೆದ ಎಡ್ವರ್ಡನ ಚರಿತ್ರೆಯಲ್ಲಿ ಈ ಕಥೆ ದೊರೆಯುತ್ತದೆ. ಇದನ್ನು ನಡೆದ ಘಟನೆಯೆಂದು ಓದಬೇಕಾಗಿಲ್ಲ. ಅಧಿಕಾರದ ಮೂಲವು ಗೆದ್ದ ಅರಸನಲ್ಲಿಲ್ಲ, ಮಡಿದ ಅರಸನ ಪಾವಿತ್ರ್ಯದಲ್ಲಿದೆ ಎಂಬ ಸೋತವರ ವಾದವನ್ನು ಇದರಲ್ಲಿ ಗುರುತಿಸಬಹುದು.

ಅದೇ ದಂಡವು ರಾಜಕಾರಣದ ಕೇಂದ್ರದಲ್ಲಿಯೂ ವಿವಾದಕ್ಕೆ ಕಾರಣವಾಯಿತೆಂಬುದು ಗಮನಾರ್ಹ. ಬಿಷಪ್ಪನಿಗೆ ದಂಡವನ್ನೂ ಉಂಗುರವನ್ನೂ ಅರಸನು ನೀಡಬಹುದೇ ಎಂಬ ಪ್ರಶ್ನೆಯಲ್ಲಿ ಒಂದನೆಯ ಹೆನ್ರಿಗೂ ಆರ್ಚ್‌ಬಿಷಪ್ ಆನ್‌ಸೆಲ್ಮ್‌ನಿಗೂ ಸಂಘರ್ಷ ಉಂಟಾಯಿತು. 1107ರ ಒಪ್ಪಂದದಂತೆ ಹೆನ್ರಿಯು ಆ ಲಾಂಛನಗಳನ್ನು ನೀಡುವ ಹಕ್ಕನ್ನು ಬಿಟ್ಟುಕೊಟ್ಟನು. ಆದರೆ ಭೂಮಿಗಾಗಿ ಬಿಷಪ್ಪರು ಸಲ್ಲಿಸುವ ನಿಷ್ಠೆಯನ್ನು ಉಳಿಸಿಕೊಂಡನು. ಲಾಂಛನವು ಚರ್ಚಿಗೆ, ಭೂಮಿಯ ಹಿಡಿತವು ಅರಸನಿಗೆ ಸಂದಿತು.

ಐತಿಹ್ಯದ ಪಯಣ ಅಲ್ಲಿಗೇ ನಿಲ್ಲಲಿಲ್ಲ. ನಾರ್ಮನ್ ಅರಸರ ಕಾಲ ಮುಗಿದ ಬಳಿಕ, 1211ರಲ್ಲಿ, ಅರಸ ಜಾನ್ ಪೋಪನ ಪ್ರತಿನಿಧಿಯ ಎದುರು ಇದೇ ಕಥೆಯನ್ನು ಆಧಾರವಾಗಿ ಮುಂದಿಟ್ಟನೆಂದು ಬರ್ಟನ್ ಮಠದ ವಾರ್ಷಿಕ ದಾಖಲೆ ತಿಳಿಸುತ್ತದೆ. ವುಲ್ಫ್‌ಸ್ಟನ್‌ಗೆ ದಂಡವನ್ನು ಕೊಟ್ಟವನು ಅರಸ ಎಡ್ವರ್ಡನಾದುದರಿಂದ ಬಿಷಪ್ಪರನ್ನು ನೇಮಿಸುವ ಹಕ್ಕು ಅರಸನದೇ ಎಂಬುದು ಆತನ ವಾದ. ಗೆದ್ದವರ ವಿರುದ್ಧ ಹುಟ್ಟಿದ ಕಥೆ ಹೀಗೆ ಸಿಂಹಾಸನದ ಸಾಕ್ಷಿಯಾಯಿತು. ಪ್ರತಿರೋಧದ ಕಥನವನ್ನು ಅಧಿಕಾರವು ತನ್ನದಾಗಿಸಿಕೊಳ್ಳುವ ಈ ಪ್ರಕ್ರಿಯೆಯನ್ನು ಗಮನಿಸದೆ ಚರ್ಚು ಮತ್ತು ಅರಸೊತ್ತಿಗೆಯ ಸಂಬಂಧದ ಅಧ್ಯಯನ ಪೂರ್ಣವಾಗಲಾರದು.