ಸವೆದ ಸ್ವಿಚ್ಚಿನ ಚಿಕಿತ್ಸೆ

ಹಳೆಯ ರೇಡಿಯೋವಿನ ಧ್ವನಿಯ ಬಿರಡೆಯನ್ನು ತಿರುಗಿಸುವಾಗ ‘ಕರಕರ’ ಎಂದು ಸದ್ದಾಗುವುದು ಮನೆಯಲ್ಲಿ ರೇಡಿಯೋ ಉಳ್ಳವರಿಗೆಲ್ಲ ತಿಳಿದ ಸಂಗತಿ. ಒಳಗೆ ಒಂದಕ್ಕೊಂದು ತಾಗಬೇಕಾದ ಭಾಗಗಳು ಸವೆದು, ಧೂಳು ಕೂತು, ಸರಿಯಾಗಿ ತಾಗದಿರುವುದೇ ಇದಕ್ಕೆ ಕಾರಣ. ಹಳೆಯ ಮೋಟಾರು ವಾಹನಗಳ ಡ್ಯಾಷ್‌ಬೋರ್ಡಿನ ಸ್ವಿಚ್ಚುಗಳಿಗೂ ಇದೇ ರೋಗ ತಗಲುತ್ತದೆ. ರೇಡಿಯೋದಲ್ಲಾದರೆ ಒಂದು ಹಾಡು ಕೆಟ್ಟೀತು. ಕುಣಿಗಲ್ಲಿನಿಂದ ತುಮಕೂರಿಗೆ ರಾತ್ರಿ ಬರುವಾಗ ತಿರುವಿನಲ್ಲಿ ಹೆಡ್‌ಲೈಟು ಆರಿದರೆ ಪ್ರಾಣಕ್ಕೇ ಸಂಚಕಾರ.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಅದನ್ನೋ ಹಳೆಯ ಜೀಪನ್ನೋ ಜೋಪಾನವಾಗಿ ಇಟ್ಟುಕೊಂಡವರು ನಮ್ಮ ಕಡೆ ಇದ್ದಾರೆ. ಇಂಥ ಅನೇಕ ವಾಹನಗಳಲ್ಲಿ ಹೆಡ್‌ಲೈಟಿನ ವಿದ್ಯುತ್ತೆಲ್ಲ ಡ್ಯಾಷ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. 60 ವ್ಯಾಟಿನ ಎರಡು ದೀಪಗಳಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಹಿತ್ತಾಳೆಯ ಪಾಯಿಂಟುಗಳು ಕಿಲುಬು ಹಿಡಿದು, ಸ್ಪ್ರಿಂಗು ಸಡಿಲವಾಗಿ, ಅಲ್ಲಿ ಕೇವಲ 0.1 ಓಮಿನಷ್ಟು ತಡೆ ಉಂಟಾಯಿತೆನ್ನಿ. ಸುಮಾರು 1 ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ದೀಪದ ಬೆಳಕು ಕಾಲು ಭಾಗದಷ್ಟು ಕುಗ್ಗುತ್ತದೆ. ನಷ್ಟವಾದದ್ದು ಸುಮಾರು 10 ವ್ಯಾಟಿನ ಶಾಖವಾಗಿ ಸ್ವಿಚ್ಚನ್ನೇ ಸುಡುತ್ತದೆ. ಸುಟ್ಟಷ್ಟೂ ತಡೆ ಹೆಚ್ಚು, ತಡೆ ಹೆಚ್ಚಿದಷ್ಟೂ ಶಾಖ ಹೆಚ್ಚು.

ದೀಪ ಮಂಕಾದೊಡನೆ ವೈರುಗಳನ್ನೆಲ್ಲ ಬದಲಾಯಿಸಹೊರಡುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಮೊದಲು ದೀಪ ಹೊತ್ತಿಸಿ, ವೋಲ್ಟು ಅಳೆಯುವ ಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿಗೆ ವಿದ್ಯುತ್ತು ಬರುವ ಮತ್ತು ಹೋಗುವ ತುದಿಗಳಿಗೆ ಮುಟ್ಟಿಸಿ ನೋಡತಕ್ಕದ್ದು. ಮುಳ್ಳು ಸೊನ್ನೆಯ ಸಮೀಪದಲ್ಲಿದ್ದರೆ ಸ್ವಿಚ್ಚು ನಿರ್ದೋಷಿ. ಅರ್ಧ ವೋಲ್ಟನ್ನು ಮೀರಿದರೆ ಅದೇ ಅಪರಾಧಿ.

ಸ್ವಿಚ್ಚನ್ನು ಬಿಚ್ಚುವ ಮುನ್ನ ಬ್ಯಾಟರಿಯ ತುದಿಗಳಲ್ಲಿ ವಾಹನದ ಮೈಗೆ ಜೋಡಿಸಿದ ತುದಿಯನ್ನು ಕಳಚಬೇಕು. ಬಹಳ ಹಳೆಯ ಕೆಲವು ವಾಹನಗಳಲ್ಲಿ ಅದು ಧನಾಗ್ರವಾಗಿರುವುದೂ ಉಂಟು. ಆದ್ದರಿಂದ ಬಣ್ಣವನ್ನು ನಂಬದೆ ಕಣ್ಣಾರೆ ನೋಡುವುದು ಲೇಸು. ಪ್ರತಿಯೊಂದು ವೈರಿಗೂ ಚೀಟಿ ಕಟ್ಟಿ ಗುರುತು ಮಾಡಬೇಕು. ಒಳಗಿನ ಸ್ಪ್ರಿಂಗು, ಸಣ್ಣ ಗುಂಡುಗಳು ಹಾರಿಹೋಗದಂತೆ ಬಿಳಿಯ ಬಟ್ಟೆಯ ಮೇಲಿಟ್ಟು ಸ್ವಿಚ್ಚನ್ನು ತೆರೆಯಬೇಕು.

ಕಪ್ಪುಗಟ್ಟಿದ ಪಾಯಿಂಟುಗಳನ್ನು ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಅರ ಹಾಕಬಾರದು, ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹುಳಿಯನ್ನೂ ಬಳಸಬಾರದು. ಹುಳಿ ಸಂದಿನಲ್ಲಿ ಉಳಿದು ಲೋಹವನ್ನು ತಿನ್ನುತ್ತದೆ. ಬೇಕಲೈಟು ಬಿರುಕು ಬಿಟ್ಟಿದ್ದರೆ ಅಥವಾ ಕರಕಲಾಗಿದ್ದರೆ ಚಿಕಿತ್ಸೆಯ ಕಾಲ ಮುಗಿಯಿತೆಂದೇ ತಿಳಿದು ಹೊಸ ಸ್ವಿಚ್ಚನ್ನು ಕೂಡಿಸಬೇಕು. ಸ್ವಿಚ್ಚನ್ನು ಬಿಟ್ಟು ವೈರುಗಳನ್ನೇ ಹೊಸೆದುಕೊಳ್ಳುವುದು, ಫ್ಯೂಸಿನ ಸ್ಥಳದಲ್ಲಿ ದಪ್ಪ ತಂತಿ ಸುತ್ತುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ರೋಗ ಮರುಕಳಿಸದಂತೆ ಮಾಡುವ ಉಪಾಯವೂ ಉಂಟು, ಅದೇ ರಿಲೇ. ಇದು ವಿದ್ಯುತ್ ಅಯಸ್ಕಾಂತದಿಂದ ನಡೆಯುವ ಇನ್ನೊಂದು ಸ್ವಿಚ್ಚು. ಯಜಮಾನ ಅಪ್ಪಣೆ ಕೊಟ್ಟು, ಆಳು ಮೂಟೆ ಹೊರುವಂತೆ, ಡ್ಯಾಷ್‌ಬೋರ್ಡಿನ ಸ್ವಿಚ್ಚು ಅರ್ಧ ಆಂಪಿಯರಿಗೂ ಕಡಿಮೆ ವಿದ್ಯುತ್ತಿನಿಂದ ರಿಲೇಗೆ ಅಪ್ಪಣೆ ಕೊಡುತ್ತದೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ 10 ಆಂಪಿಯರಿನ ಹೊರೆಯನ್ನು ರಿಲೇ ಹೊರುತ್ತದೆ. ಸ್ವಿಚ್ಚು ಬಹುಕಾಲ ಬಾಳುತ್ತದೆ. ಈ ಜೋಡಣೆಯನ್ನು ಅನುಭವಸ್ಥ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿಕೊಳ್ಳುವುದು ಉಚಿತ.

ಎಲ್ಲವನ್ನೂ ಸ್ವಸ್ಥಾನದಲ್ಲಿ ಕೂಡಿಸಿದ ಮೇಲೆ, ಬಯಲಿನಲ್ಲಿ ವಾಹನ ನಿಲ್ಲಿಸಿ, ಎಂಜಿನ್ ನಡೆಸುತ್ತ ಹತ್ತು ನಿಮಿಷ ಹೆಡ್‌ಲೈಟನ್ನು ಉರಿಸಿ, ಆರಿಸಿದ ಕೂಡಲೇ ಸ್ವಿಚ್ಚಿನ ಬೆನ್ನನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕೆಲಸ ಇನ್ನೂ ಉಳಿದಿದೆ. ತಣ್ಣಗಿದ್ದರೆ ಅಂದೇ ರಾತ್ರಿ ಗುಬ್ಬಿಗೆ ಹೊರಡಬಹುದು.