ಸರ್ವರ್‌ನ ಫ್ಯಾನ್ ಯಾಕೆ ಇಷ್ಟು ಕಿರುಚುತ್ತದೆ?

ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್: ಈ ಮೂರು ಕಡೆಯೂ ಕಂಪನಿಗಳು ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ಸಾಮಾನು ಸಿಗುತ್ತದೆ. ಊರಿನಿಂದ ಬಂದು ಮುಂಬೈಯಲ್ಲಿ ಕಲಿಯುವ ಹುಡುಗರಿಗಾಗಿ ನಾವು ನಡೆಸುವ ಓದುವ ಕೋಣೆಗೆ ಹಾಗೆಯೇ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದೆವು. ಹಿರಿಯರ ಮನೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಹಳೆಯ ಕನ್ನಡ ಪತ್ರಿಕೆ, ಪತ್ರ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅದರಲ್ಲಿ ಇಡುವುದು ನಮ್ಮ ಆಸೆ.

ಸ್ವಿಚ್ ಹಾಕಿದ್ದೇ ತಡ, ತಲೆಯ ಮೇಲೆ ವಿಮಾನ ಹಾರಿದ ಹಾಗೆ ಸದ್ದು! ಶುರುವಾಗುವಾಗ ಸ್ವಲ್ಪ ಹೊತ್ತು ಹಾಗೆ ಕೂಗುವುದು ಸಹಜ. ಆದರೆ ಅರ್ಧ ಗಂಟೆಯಾದರೂ ತಗ್ಗಲಿಲ್ಲ. ಮೂರನೇ ದಿನ ಕೆಳಗಿನ ಮನೆಯವರು ಬಂದು, "ರಾತ್ರಿ ಮಗು ಮಲಗ್ತಾ ಇಲ್ಲ, ಏನಾದ್ರೂ ಮಾಡಿ" ಎಂದರು. ನಮ್ಮ ಹುಡುಗನೊಬ್ಬ, "ಎರಡು ಫ್ಯಾನ್‌ನ ವೈರ್ ಎಳೆದು ಬಿಡುವ ಕಾಕಾ, ಸದ್ದು ಅರ್ಧ ಆಗ್ತದೆ" ಎಂದ. ನಾನೂ ಹೂಂ ಅಂದೆ. ಸದ್ದು ಹೆಚ್ಚೇನೂ ತಗ್ಗಲಿಲ್ಲ, ಜೊತೆಗೆ ಎಚ್ಚರಿಕೆಯ ದೀಪವೂ ಹತ್ತಿತು. ಸಂಜೆ ಮುಟ್ಟಿ ನೋಡಿದರೆ ಡಿಸ್ಕ್‌ಗಳು ಕೈ ಇಡಲಾಗದಷ್ಟು ಬಿಸಿ. ಅಷ್ಟರಲ್ಲಿ ಸಾವಿರಾರು ಪುಟ ಸ್ಕ್ಯಾನ್ ಆಗಿತ್ತು, ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ತಪ್ಪು ನೀವು ಮಾಡುವುದು ಬೇಡ.

ಸರ್ವರ್‌ನ ಪೆಟ್ಟಿಗೆ ತೆಳ್ಳಗೆ ಇರುತ್ತದೆ. ಅತ್ಯಂತ ತೆಳುವಾದ '1ಯು' ಪೆಟ್ಟಿಗೆಯ ಎತ್ತರ ಸುಮಾರು 44 ಮಿಲಿಮೀಟರ್. ಅದರೊಳಗೆ ಹಿಡಿಸುವುದು 40 ಮಿಲಿಮೀಟರ್‌ನ ಪುಟ್ಟ ಫ್ಯಾನ್. ಚಿಕ್ಕ ಫ್ಯಾನ್ ಹೆಚ್ಚು ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಲೇಬೇಕು. ಇಂಥವು ನಿಮಿಷಕ್ಕೆ 15,000 ಸುತ್ತು ಮೀರುವುದೂ ಉಂಟು. ಜನ ಕೂರದ ಕೋಣೆಗೆಂದು ಮಾಡಿದ ಯಂತ್ರವಾದ್ದರಿಂದ ಸದ್ದಿನ ಬಗ್ಗೆ ತಯಾರಕರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೂ ಅದು ಯಾವಾಗಲೂ ಪೂರ್ತಿ ವೇಗದಲ್ಲಿ ಓಡಬೇಕಾಗಿಲ್ಲ. ವೇಗವನ್ನು ನಿರ್ಧರಿಸುವುದು ಸರ್ವರ್‌ನೊಳಗೇ ಇರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಚಿಕ್ಕದಾಗಿ ಬಿಎಂಸಿ. (ಮುಂಬೈಯವರು ನಗಬೇಡಿ, ಇದು ಮಹಾನಗರ ಪಾಲಿಕೆಯಲ್ಲ!) ಡೆಲ್‌ನವರು ಇದನ್ನು ಐಡ್ರ್ಯಾಕ್ ಎನ್ನುತ್ತಾರೆ, ಎಚ್‌ಪಿಇಯವರು ಐಲೋ ಎನ್ನುತ್ತಾರೆ. ಸರ್ವರ್ ಆಫ್ ಆಗಿದ್ದರೂ ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಇದು ಎಚ್ಚರವಾಗಿರುತ್ತದೆ. ಪ್ರೊಸೆಸರ್, ಮೆಮೊರಿ, ಒಳಗೆ ಬರುವ ಗಾಳಿ, ಎಲ್ಲದರ ಉಷ್ಣತೆ ಓದಿ ಫ್ಯಾನ್‌ಗೆ 'ಇಷ್ಟು ತಿರುಗು' ಎಂದು ಹೇಳುವುದು ಇದರ ಕೆಲಸ.

ಈಗ ಮುಖ್ಯ ಮಾತು. ಬಿಎಂಸಿಗೆ ಬಿಸಿ ಕಂಡರೆ ಫ್ಯಾನ್ ಜೋರು ಮಾಡುತ್ತದೆ, ಸರಿ. ಆದರೆ ಏನೂ *ಕಾಣದಿದ್ದರೂ* ಜೋರು ಮಾಡುತ್ತದೆ. ಒಂದು ಸೆನ್ಸರ್ ಉತ್ತರ ಕೊಡಲಿಲ್ಲ, ಒಂದು ಫ್ಯಾನ್ ನಿಂತಿತು, ಪರಿಚಯವಿಲ್ಲದ ಕಾರ್ಡ್ ಒಳಗೆ ಬಂತು ಎಂದರೆ, 'ನನಗೆ ಗೊತ್ತಿಲ್ಲ, ಆದ್ದರಿಂದ ಪೂರ್ತಿ ಓಡು' ಅನ್ನುವುದು ಅದರ ನಿಯಮ. ಹಾಗಾಗಿ ಎಡೆಬಿಡದ ಸದ್ದು ಅಂದರೆ ಹೆಚ್ಚಾಗಿ ಫ್ಯಾನ್‌ನ ದೋಷವಲ್ಲ, ಎಲ್ಲೋ ಒಂದು ಮಾಹಿತಿ ತಪ್ಪಿಹೋಗಿದೆ ಎಂಬ ಸೂಚನೆ. ನಾವು ವೈರ್ ಎಳೆದಾಗ ಆದದ್ದೂ ಇದೇ. ಎರಡು ಫ್ಯಾನ್ ಕಾಣೆಯಾದವು, ಉಳಿದವು ಪೂರ್ತಿ ವೇಗ ಬಿಡಲೇ ಇಲ್ಲ.

ಹಾಗಾದರೆ ಹುಡುಕುವುದು ಹೇಗೆ? ಎಲ್ಲಕ್ಕಿಂತ ಮೊದಲು ಡಿಸ್ಕ್‌ನಲ್ಲಿರುವುದನ್ನು ಬೇರೆ ಕಡೆ ಕಾಪಿ ಮಾಡಿ. ಯಂತ್ರ ಬಿಚ್ಚುವುದು ಆಮೇಲೆ.

ಎರಡನೆಯದು, ಬಿಎಂಸಿಯ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಲಿನಕ್ಸ್ ಬಲ್ಲವರು ಐಪಿಎಂಐಟೂಲ್ ಎಂಬ ಉಚಿತ ಪ್ರೋಗ್ರಾಂ ಬಳಸಬಹುದು. ಅಲ್ಲಿ ಪ್ರತಿ ಫ್ಯಾನ್‌ನ ವೇಗ, ಪ್ರತಿ ಸೆನ್ಸರ್‌ನ ಉಷ್ಣತೆ ಮತ್ತು ಹಿಂದೆ ನಡೆದ ಘಟನೆಗಳ ದಾಖಲೆ ಇರುತ್ತದೆ. ಖಾಲಿ ಬಿದ್ದ ಸಾಲು, ಸೊನ್ನೆ ತೋರಿಸುವ ಫ್ಯಾನ್, ನಂಬಲಾಗದಂಥ ಅಂಕಿ ಕಂಡರೆ ಕಳ್ಳ ಅಲ್ಲೇ ಇದ್ದಾನೆ.

ಮೂರನೆಯದು, ನಿಜವಾಗಿಯೂ ಬಿಸಿ ಇದ್ದರೆ ಗಾಳಿಯ ದಾರಿ ನೋಡಿ. ಒಳಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಎಂಬುದು ಅಶ್ರೇ ಸಂಸ್ಥೆಯ ಶಿಫಾರಸು. ಮೇ ತಿಂಗಳ ನಮ್ಮ ಕೋಣೆಗಳು ಅದನ್ನು ಸುಲಭವಾಗಿ ದಾಟುತ್ತವೆ. ಆಮೇಲೆ ಧೂಳು, ಒಣಗಿದ ಥರ್ಮಲ್ ಪೇಸ್ಟ್. ಪ್ರೊಸೆಸರ್ ಮೇಲೆ ಗಾಳಿ ಹಾಯಿಸುವ ಪ್ಲಾಸ್ಟಿಕ್ ಹೊದಿಕೆಯನ್ನು ಬೇಡದ್ದೆಂದು ಬಿಸಾಡುವವರಿದ್ದಾರೆ, ಅದು ಬೇಕೇ ಬೇಕು. ಮೇಲಿನ ಮುಚ್ಚಳ ತೆಗೆದಿಟ್ಟರೆ ತಂಪಾಗುತ್ತದೆ ಅನ್ನುವುದೂ ತಪ್ಪು. ಗಾಳಿ ದಾರಿ ತಪ್ಪುತ್ತದೆ. ಮುಚ್ಚಳ ತೆರೆದಿದೆ ಎಂದು ಗೊತ್ತಾದರೆ ಕೆಲವು ಸರ್ವರ್‌ಗಳು ಬೇಕೆಂದೇ ಪೂರ್ತಿ ವೇಗಕ್ಕೆ ಹೋಗುತ್ತವೆ.

ನಾಲ್ಕನೆಯದು, ವೈರ್. ನಾಲ್ಕು ತಂತಿಯ ಫ್ಯಾನ್‌ನಲ್ಲಿ ಎರಡು ಕರೆಂಟಿಗೆ, ಒಂದು ವೇಗ ತಿಳಿಸಲು, ಇನ್ನೊಂದು ವೇಗದ ಆಜ್ಞೆ ಪಡೆಯಲು. ಆಜ್ಞೆಯ ತಂತಿ ಸಡಿಲವಾದರೆ ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ. ಸದ್ದು ಏರಿ ಇಳಿದು, ಮತ್ತೆ ಏರುತ್ತಿದ್ದರೆ ಕಾರಣ ಬೇರೆ ಇರಬಹುದು. ಯಾರೋ ನಿಧಾನದ ಫ್ಯಾನ್ ಹಾಕಿರುತ್ತಾರೆ, ಅದರ ವೇಗ ಬಿಎಂಸಿಯ ಕನಿಷ್ಠ ಮಿತಿಗಿಂತ ಕೆಳಗಿಳಿದಾಗ 'ಫ್ಯಾನ್ ಸತ್ತಿತು' ಎಂದು ಅದು ಗಾಬರಿಯಾಗುತ್ತದೆ. ಆ ಮಿತಿಯನ್ನು ತಗ್ಗಿಸಿದರೆ ಸಾಕು.

ಐದನೆಯದು, ಹೊಸದಾಗಿ ಸೇರಿಸಿದ್ದನ್ನು ಒಂದೊಂದಾಗಿ ತೆಗೆದು ನೋಡಿ. ಒಳಗೆ ಕೈ ಹಾಕುವ ಮುನ್ನ ಸರ್ವರ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ.

ನಮಗೆ ಉತ್ತರ ಸಿಕ್ಕಿದ್ದು ಇಲ್ಲೇ. ಪುಟದಲ್ಲಿ ಎಲ್ಲ ಉಷ್ಣತೆಯೂ ಸರಿಯಿತ್ತು. ಬಿಚ್ಚಿ ನೋಡಿದರೆ ಬೇರೆ ಕಂಪನಿಯ ಒಂದು ನೆಟ್‌ವರ್ಕ್ ಕಾರ್ಡ್. ಅದರ ಬಿಸಿ ಎಷ್ಟೆಂದು ಬಿಎಂಸಿಗೆ ಓದಲು ಬಾರದು, ಹಾಗಾಗಿ ಕೂಗುತ್ತಿತ್ತು. ಕಾರ್ಡ್ ತೆಗೆದೆವು, ಕಿತ್ತ ವೈರ್‌ಗಳನ್ನು ಮೊದಲಿನಂತೆ ಹಾಕಿದೆವು. ಶುರುವಿನ ಕೂಗು ಮುಗಿದ ಮೇಲೆ ಸದ್ದು ಇಳಿಯುತ್ತಾ ಬಂತು. ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದರ್‌ಬೋರ್ಡ್‌ನಲ್ಲೇ ನೆಟ್‌ವರ್ಕ್ ಪೋರ್ಟ್ ಇದ್ದುದರಿಂದ ಆ ಕಾರ್ಡ್ ನಮಗೆ ಬೇಕಾಗಿಯೇ ಇರಲಿಲ್ಲ. ಕಾರ್ಡ್ ಬೇಕೇ ಬೇಕು ಅನ್ನುವವರಿಗೆ ಕೆಲವು ಮಾದರಿಗಳಲ್ಲಿ ಈ ಪ್ರತಿಕ್ರಿಯೆಯನ್ನು ಮಾತ್ರ ನಿಲ್ಲಿಸುವ ಸೆಟ್ಟಿಂಗ್ ಇದೆ. ಆದರೆ ಫ್ಯಾನ್ ವೇಗವನ್ನು ಕೈಯಾರೆ ಕಟ್ಟಿಹಾಕಿದರೆ ಸೆಕೆಯ ದಿನ ಅದನ್ನು ಏರಿಸುವವರು ಯಾರೂ ಇರುವುದಿಲ್ಲ, ನೆನಪಿಡಿ.

ಇದರಿಂದ ಕರೆಂಟ್ ಬಿಲ್‌ಗೂ ಲಾಭ. ಫ್ಯಾನ್‌ನ ವೇಗ ಅರ್ಧವಾದರೆ ಅದು ತಿನ್ನುವ ವಿದ್ಯುತ್ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ.

ಈಗ ಸ್ಕ್ಯಾನ್ ಮಾಡಿದ ಪುಟಗಳ ಎರಡು ಪ್ರತಿ ಬೇರೆ ಬೇರೆ ಮನೆಗಳಲ್ಲಿವೆ. ವೈರ್ ಎಳೆಯುವ ಅಂದಿದ್ದ ಹುಡುಗನೇ ತಿಂಗಳಿಗೊಮ್ಮೆ ಬಿಎಂಸಿಯ ದಾಖಲೆ ಓದುತ್ತಾನೆ. ಕೆಳಗಿನ ಮನೆಯವರು ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿ, "ಏನು, ಮಿಷನ್ ಮಾರಿಬಿಟ್ಟಿರಾ?" ಎಂದು ಕೇಳಿದರು.